ಹೂಂಗುಟ್ಟುವ ಗಂಡನೂ ಮಾತಾಡುವ ಡಬ್ಬಿಯೂ

“ಅಮ್ಮಾ, ಅಪ್ಪಂಗೆ ಮಾತು ಬರುತ್ತಾ?”

ಯು.ಕೆ.ಜಿ. ಓದುವ ನನ್ನ ಮಗಳು ಇಂಪನಾ ಇದನ್ನು ಕೇಳಿದ್ದು ಅಕ್ಕಿರೊಟ್ಟಿಯ ಕೊನೆಯ ತುಂಡನ್ನು ಬಾಯಿಗೆ ತುರುಕಿಕೊಳ್ಳುತ್ತ. ಸದರಿ ಅಪ್ಪ ಮೂರಡಿ ದೂರದಲ್ಲೇ ಕೂತು ಟಿ.ವಿ. ನೋಡುತ್ತಿದ್ದರು. ತಿರುಗಿ ಕೂಡ ನೋಡಲಿಲ್ಲ!

“ಬರದೇ ಏನೇ? ಚೆನ್ನಾಗಿ ಬರುತ್ತೆ.”

“ಮತ್ತೆ ಯಾಕೆ ಮಾತಾಡಲ್ಲ?”

“ಉಳಿಸಿಟ್ಟುಕೊಂಡಿದ್ದಾರೆ. ನಿನ್ನ ಮದುವೆಗೆ ಬೇಕಾಗುತ್ತೆ.”

ಮಗಳನ್ನೇನೋ ಹೀಗೆ ನಗಿಸಿದೆ. ಆದರೆ ಎರಡು ವರ್ಷದಿಂದ ನಾನು ನನ್ನನ್ನೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆಯೂ ಅದೇ. ನನಗೆ ಡೈರಿ ಬರೆಯುವ ಚಾಳಿ. ಹಾಲಿನವನು ಬಾರದ ದಿನ, ಇಂಪನಾಳ ಹಲ್ಲು ಅಲುಗಿದ ದಿನ, ಗ್ಯಾಸ್ ಮುಗಿದ ದಿನ, ಎಲ್ಲವೂ ಅದರಲ್ಲಿ ದಾಖಲು. ಈಚೆಗೆ ಪುಟದ ಕೆಳಗೆ ಒಂದು ಹೊಸ ಸಾಲು ಶುರುವಾಗಿತ್ತು: ‘ಇವರು ಇಂದು ಆಡಿದ ಮಾತು’. ಸೋಮವಾರ ಹದಿನಾಲ್ಕು, ಅದರಲ್ಲಿ ‘ಹೂಂ’ ಹನ್ನೊಂದು. ಮಂಗಳವಾರ ಒಂಬತ್ತು, ಒಂಬತ್ತೂ ‘ಹೂಂ’. ಬುಧವಾರ ದಾಖಲೆ ಮುರಿದು ಐವತ್ತಕ್ಕೆ ಹೋಯಿತು. ಆದರೆ ಅದು ಫೋನಿನಲ್ಲಿ, ರಾಂಗ್ ನಂಬರಿನವನ ಜೊತೆ!

ನಮ್ಮವರ ಹೆಸರು ಹಾಲೇಶ್. ಮಾಚೇನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕಾದ ಕಬ್ಬಿಣವನ್ನು ದೈತ್ಯ ಸುತ್ತಿಗೆಯ ಕೆಳಗೆ ಹಿಡಿದು ಬಡಿಸುವ ಕೆಲಸ. ನಾವಿರುವುದು ಭದ್ರಾವತಿಯ ಜನ್ನಾಪುರದಲ್ಲಿ, ಮಹಾಂತಮ್ಮನವರ ಮನೆಯ ಮಹಡಿ ಮೇಲೆ ಬಾಡಿಗೆಗೆ. ಇವರು ಬೆಳಿಗ್ಗೆ ಐದೂವರೆಗೆ ಹೊರಟರೆ ಮಧ್ಯಾಹ್ನ ಮೂರಕ್ಕೆ ವಾಪಸ್. ಬಂದ ಮೇಲೆ ಊಟ, ಪೇಪರ್, ಟಿ.ವಿ., ಹೂಂ.

ಮೊದಲು ಹೀಗಿರಲಿಲ್ಲ ಕಣ್ರೀ! ಗಣಪತಿ ಪೆಂಡಾಲುಗಳ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದವರು. ಹೆಣ್ಣು ನೋಡಲು ಬಂದಾಗ “ಅಡುಗೆ ಬರುತ್ತಾ?” ಎಂದು ಕೇಳುವ ಬದಲು “ಯಾವ ಹಾಡು ಇಷ್ಟ?” ಎಂದು ಕೇಳಿದವರು. ಮಗಳು ಹುಟ್ಟಿದಾಗ ಅವಳ ಅಳು ಯಾವ ಶ್ರುತಿಯಲ್ಲಿದೆ ಎಂದು ಗಿಟಾರಿನಲ್ಲಿ ಹುಡುಕಿ, ‘ಇಂಪನಾ’ ಎಂದು ಹೆಸರಿಟ್ಟವರು. ಅಂಥ ಮನುಷ್ಯ ಎರಡು ವರ್ಷದ ಹಿಂದೆ ಒಂದು ದಿನ ಗಿಟಾರನ್ನು ಚೀಲಕ್ಕೆ ಹಾಕಿ, ಜಿಪ್ ಎಳೆದು, ಬೀರುವಿನ ಮೇಲಿಟ್ಟರು. ಅದೇ ಕೈಯಲ್ಲಿ ಬಾಯಿಗೂ ಜಿಪ್ ಎಳೆದುಕೊಂಡರು!

ಯಾಕೆ ಎಂದರೆ ಹೂಂ. ನನ್ನ ಮೇಲೆ ಬೇಜಾರಾ ಎಂದರೂ ಹೂಂ! ಅವತ್ತು ಬಚ್ಚಲುಮನೆಯ ನಲ್ಲಿ ತಿರುಗಿಸಿಟ್ಟು ಹತ್ತು ನಿಮಿಷ ಅತ್ತೆ. ಡೈರಿಯಲ್ಲಿ ಮಾತ್ರ ‘ಟ್ಯಾಂಕ್ ನೀರು ಬೇಗ ಖಾಲಿಯಾಯಿತು’ ಎಂದಷ್ಟೇ ಬರೆದೆ.

ಮಗಳ ಪ್ರಶ್ನೆ ಕೇಳಿದ ಆ ಶುಭ ಮುಹೂರ್ತದಲ್ಲಿ ನಾನು ಘೋರ ಪ್ರತಿಜ್ಞೆ ಮಾಡಿದೆ. ಈ ಮನುಷ್ಯನ ಕೈಗೆ ಗಿಟಾರ್ ಕೊಟ್ಟು, ಬಾಯಿಂದ ಮಾತು ಹೊರಡಿಸದಿದ್ದರೆ ನಾನು ಲಿಖಿತಾಳೇ ಅಲ್ಲ! ಆಯುಧವೂ ಹೊಳೆಯಿತು. ಆರ್ಕೆಸ್ಟ್ರಾ ಕಾಲದಲ್ಲಿ ಇವರು ಪೇಚಾಡುತ್ತಿದ್ದರು: “ಒಂದು ಪೆಡಲ್ ಇದ್ದಿದ್ರೆ ಮಾರಾಯ್ತಿ, ಪೆಂಡಾಲ್ ಹಾರಿಸಿಬಿಡ್ತಿದ್ದೆ!” ಪೆಡಲ್ ಎಂದರೆ ಸೈಕಲ್ಲಿನದಲ್ಲ. ಗಿಟಾರಿಗೂ ಸ್ಪೀಕರಿಗೂ ನಡುವೆ ಇಟ್ಟು ಕಾಲಲ್ಲಿ ಒತ್ತುವ ಪುಟ್ಟ ಲೋಹದ ಡಬ್ಬಿ. ಒತ್ತಿದರೆ ಮೆತ್ತಗಿನ ದನಿ ಹುಲಿಯ ಗರ್ಜನೆಯಾಗುತ್ತದೆ. ಬಿಡಿಭಾಗಗಳನ್ನು ತರಿಸಿ ನಾವೇ ಜೋಡಿಸಿಕೊಳ್ಳುವ ಕಿಟ್ ಸಿಗುತ್ತದಂತೆ. ಜೋಡಿಸಲು ನಾನಿಲ್ಲವೇ? ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ, ಶೇಕಡಾ ಎಪ್ಪತ್ತೆಂಟು! ಮದುವೆಯಾದ ಮೇಲೆ ಆ ವಿದ್ಯೆಯನ್ನು ಫ್ಯೂಸ್ ಕಟ್ಟಲು ಬಿಟ್ಟರೆ ಬಳಸಿರಲಿಲ್ಲ, ಅಷ್ಟೇ.

ಕಿಟ್ ಬಂತು. ಒಂದು ಹಸಿರು ಬೋರ್ಡು, ಹೊಳೆಯುವ ಅಲ್ಯೂಮಿನಿಯಂ ಡಬ್ಬಿ, ಚಿಲ್ಲರೆ ಭಾಗಗಳು ಐವತ್ತರ ಮೇಲೆ. ಗುಟ್ಟಾಗಿಡಬೇಕಲ್ಲ? ಗಂಡಸರ ಕಣ್ಣಿಗೆ ಎಂದೂ ಬೀಳದ ಜಾಗವೆಂದರೆ ಒಗ್ಗರಣೆ ಡಬ್ಬಿ. ಹಳೆಯದೊಂದು ಖಾಲಿ ಇತ್ತು. ಅದರ ಏಳು ಬಟ್ಟಲುಗಳಿಗೆ ಭಾಗಗಳನ್ನು ವಿಂಗಡಿಸಿ ಹಾಕಿದೆ. ಕೆಪಾಸಿಟರ್ ಎನ್ನುವ ಚಪ್ಪಟೆ ಗುಂಡುಗಳು ನೋಡಲು ಥೇಟ್ ಕಡ್ಲೆಬೇಳೆ. ಎಂಥ ಜಾಣತನ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ!

ಮರುದಿನ ಬೆಳಿಗ್ಗೆ ಶಿವಮೊಗ್ಗದಿಂದ ನಮ್ಮ ಅತ್ತೆ ಶೇಷಮ್ಮನವರು ಬಂದಿಳಿದರು. ಇರುವುದು ದೊಡ್ಡ ಮಗನ ಮನೆಯಲ್ಲಿ. ಚಿಕ್ಕ ಮಗನ ಮನೆಗೆ ಎರಡು ದಿನದ ತಪಾಸಣಾ ಪ್ರವಾಸ. ನಾನು ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಅತ್ತೆ ಕನ್ನಡಕ ಹಾಕದೆ ಉಪ್ಪಿಟ್ಟು ಮಾಡಿ, ತಟ್ಟೆಗೆ ಹಾಕಿಕೊಂಡು ಕೂತಾಗಿತ್ತು.

“ಟಕ್!”

ಅತ್ತೆ ಬಾಯಿಂದ ಏನನ್ನೋ ತೆಗೆದು ಬೆಳಕಿಗೆ ಹಿಡಿದರು.

“ಲಿಖಿತಾ, ನಿಮ್ಮ ಭದ್ರಾವತಿ ಕಡ್ಲೆಬೇಳೆಗೆ ಮೊಳಕೆ ಬಂದಿದೆಯಲ್ಲೇ!”

ಬೇಳೆಗೆ ಎಲ್ಲಾದರೂ ಮೊಳಕೆ ಬರುತ್ತದೆಯೇ? ಅದು ಕೆಪಾಸಿಟರಿನ ತಂತಿ ಕಾಲು! ಬಾಣಲೆಗೆ ಕೈ ಹಾಕಿ ರವೆ ಜಾಲಾಡಿದೆ. ಐದರಲ್ಲಿ ಮೂರು ಬದುಕಿದ್ದವು. ಎರಡು ಎಣ್ಣೆಯಲ್ಲಿ ಕೆಂಪಗೆ ಹುರಿದು ವೀರಸ್ವರ್ಗ ಸೇರಿದ್ದವು.

“ಅಂಗಡಿ ಬದಲಾಯಿಸ್ತೀನಿ ಅತ್ತೆ,” ಎಂದೆ.

“ಬದಲಾಯಿಸು. ಹಲ್ಲು ಬದಲಾಯಿಸೋಕೆ ನನ್ನ ಕೈಲಾಗಲ್ಲ.”

ಅದೇ ಸಂಜೆ ಇನ್ನೊಂದು. ಇವರು ಸೋಫಾದಲ್ಲಿ ಕೂತಿದ್ದರು. ಬಲಗಡೆ ಜಾಗ ಖಾಲಿ ಇತ್ತೆಂದು ನಾನು ಅಲ್ಲಿ ಕೂತು, “ರೀ, ಅತ್ತೆಗೆ ನಾಳೆ ಏನು ಮಾಡ್ಲಿ?” ಎಂದೆ. ಪವಾಡ! ಇವರು ನನ್ನ ಕಡೆ ತಿರುಗಿ, “ಹೀರೇಕಾಯಿ ಬಜ್ಜಿ ಮಾಡು, ಅಮ್ಮಂಗೆ ಇಷ್ಟ,” ಎಂದರು. ಒಂದೇ ಉಸಿರಿಗೆ ಐದು ಮಾತು! ನಾನು ಆರನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅತ್ತೆಯ ಗುಡುಗು:

“ಏಯ್ ಲಿಖಿತಾ, ಎಡಕ್ಕೆ ಬಾರೇ! ಹೆಂಡತಿ ಗಂಡನ ಎಡಕ್ಕೆ ಅಂತ ಧಾರೆ ದಿನಾನೇ ಹೇಳಿರ್ಲಿಲ್ವಾ?”

ಹೇಳಿದ್ದರು. ಆರು ವರ್ಷದಿಂದ ಚಾಚೂ ತಪ್ಪದೆ ಪಾಲಿಸಿಯೂ ಇದ್ದೆ. ಸೋಫಾದಲ್ಲಿ ಎಡ, ಮಂಚದಲ್ಲಿ ಎಡ, ಊಟಕ್ಕೆ ಎಡ, ಬಸ್ಸಿನಲ್ಲಿ ಎಡ. ಎದ್ದು ಎಡಕ್ಕೆ ಹೋದೆ. “ಜೊತೆಗೆ ಪಾಯಸ ಮಾಡ್ಲಾ, ಹೋಳಿಗೆ ಮಾಡ್ಲಾ?” ಎಂದೆ.

“ಹೂಂ,” ಎಂದರು.

ಪವಾಡ ಮುಗಿದಿತ್ತು.

ಅತ್ತೆ ಹೊರಡುವ ಹೊತ್ತಿಗೆ ಮೂರನೇ ಪ್ರಮಾದ. ಸಾಮಾನಿನ ಗೂಡಿನಲ್ಲಿ ಅಡಗಿಸಿದ್ದ ಅಲ್ಯೂಮಿನಿಯಂ ಡಬ್ಬಿ ಅವರ ಕೈಗೆ ಸಿಕ್ಕಿತು. ವಯರು, ಸ್ವಿಚ್ಚು ಕೂರಿಸಲು ಅದಕ್ಕೆ ಮೊದಲೇ ತೂತು ಕೊರೆದಿರುತ್ತಾರೆ.

“ಇದು ಯಾರಿಗೇ ತಂದಿದ್ದು?”

ಇವರು ಅಲ್ಲೇ ಶೂ ಹಾಕಿಕೊಳ್ಳುತ್ತಿದ್ದರು. ಗುಟ್ಟು ರಟ್ಟಾಗುತ್ತದಲ್ಲ! ನನ್ನ ನಾಲಿಗೆ ತಾನೇ ಹೊರಳಿತು: “ನಿಮಗೇ ಅತ್ತೆ. ಎಲೆಅಡಿಕೆ ಹಾಕಿಟ್ಕೊಳ್ಳೋಕೆ.”

ಅತ್ತೆ ಡಬ್ಬಿಯನ್ನು ತಿರುಗಿಸಿ ನೋಡಿದರು. “ಗಾಳಿಯಾಡೋಕೆ ತೂತೂ ಇದೆಯಲ್ಲೇ! ಎಲೆ ಬಾಡಲ್ಲ.” ಮದುವೆಯಾದಂದಿನಿಂದ ಮೊದಲ ಸಲ ನನ್ನ ಗಲ್ಲ ಹಿಡಿದು ಮುದ್ದಿಸಿದರು. ನನ್ನ ಪೆಡಲಿನ ಮೈಕಟ್ಟು ಅತ್ತೆಯ ಬ್ಯಾಗಿನಲ್ಲಿ ಶಿವಮೊಗ್ಗಕ್ಕೆ ಪ್ರಯಾಣ ಬೆಳೆಸಿತು!

ಶನಿವಾರ ಇಂಪನಾಳ ಶಾಲೆ ಬೇಗ ಬಿಟ್ಟಿತು. ಹುರಿದುಹೋದ ಎರಡು ಕೆಪಾಸಿಟರ್ ಕೊಳ್ಳಲೂ ಡಬ್ಬಿ ವಾಪಸ್ ತರಲೂ ಅವಳನ್ನು ಕರೆದುಕೊಂಡು ಬಸ್ ಹತ್ತಿದೆ. ಮಾಚೇನಹಳ್ಳಿ ಬಂದಾಗ ಇವರ ಕಾರ್ಖಾನೆಯ ಕಾಂಪೌಂಡು ಕಿಟಕಿಯಲ್ಲಿ ಕಂಡಿತು. ಧಡ್! ಧಡ್! ಬಸ್ಸಿನ ಸೀಟೂ ನಡುಗಿದಂತಾಯಿತು. ಇಂಪನಾ ಎರಡೂ ಕಿವಿ ಮುಚ್ಚಿಕೊಂಡಳು.

“ಅಮ್ಮಾ, ಅಪ್ಪ ಇದರ ಪಕ್ಕಾನೇ ನಿಂತ್ಕೋತಾರಾ?”

“ಹೂಂ.”

“ಕಿವಿ ನೋಯಲ್ವಾ?”

“ಅಭ್ಯಾಸ ಆಗಿರುತ್ತೆ ಕಣೇ,” ಎಂದೆ. ಆಮೇಲೆ ಪರ್ಸ್ ತೆಗೆದು ಟಿಕೆಟ್‌ಗೆ ಚಿಲ್ಲರೆ ಹುಡುಕಿದೆ. ಅಷ್ಟೇ. ಆ ಪ್ರಶ್ನೆ ನನಗೆ ಎರಡು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಶೇಕಡಾ ಎಪ್ಪತ್ತೆಂಟು!

ಶಿವಮೊಗ್ಗದ ಗಾಂಧಿ ಬಜಾರಿನ ಓಣಿಯೊಂದರಲ್ಲಿ ಮೂರ್ತಪ್ಪನವರ ರೇಡಿಯೋ ರಿಪೇರಿ ಅಂಗಡಿ. ಕೆಪಾಸಿಟರ್ ಹುಡುಕುತ್ತ ಕೇಳಿದರು:

“ಏನು ಮಾಡ್ತಿದ್ದೀಯಮ್ಮ?”

“ಗಿಟಾರಿಗೆ ಎಫೆಕ್ಟ್ ಪೆಡಲ್ ಸಾರ್.”

“ಹಂಗಂದ್ರೆ?”

“ಗಿಟಾರ್ ದನೀನ ಒರಟು ಮಾಡುತ್ತೆ. ಕರ್‌ರ್ ಅನ್ನೋ ಹಾಗೆ.”

ಮೂರ್ತಪ್ಪ ಕನ್ನಡಕ ಮೇಲೇರಿಸಿದರು. “ನಲವತ್ತು ವರ್ಷದಿಂದ ಕರ್‌ರ್ ಅನ್ನೋದನ್ನ ಸರಿ ಮಾಡಿ ಹೊಟ್ಟೆ ಹೊರೆದೆ. ಈಗ ಚೆನ್ನಾಗಿರೋದನ್ನ ಕರ್‌ರ್ ಅನ್ನಿಸೋಕೂ ಕಿಟ್ ಬಂತಾ! ಇರ್ಲಿ. ಒಂದು ಮಾತು ನೆನಪಿಟ್ಕೋ. ಇದನ್ನ ತಗಡಿನ ಡಬ್ಬಿಯಲ್ಲೇ ಕೂರಿಸು. ಪ್ಲಾಸ್ಟಿಕ್ಕಿನಲ್ಲಿ ಇಟ್ಟೆಯೋ, ಊರ ಸುದ್ದಿಯೆಲ್ಲ ಒಳಗೆ ಬರುತ್ತೆ.”

ಅಲ್ಲಿಂದ ನೇರ ಅತ್ತೆಯ ಹತ್ತಿರ ಹೋದೆ. ಜಗಲಿಯಲ್ಲಿ ಅಕ್ಕಪಕ್ಕದ ನಾಲ್ಕು ಹೆಂಗಸರು ಕೂತಿದ್ದರು. ನಡುವೆ ನನ್ನ ಡಬ್ಬಿ! ಒಳಗೆ ವೀಳ್ಯದೆಲೆ, ಅಡಿಕೆ ಹೋಳು, ಸುಣ್ಣ. ಸ್ವಿಚ್ಚು ಕೂರಬೇಕಾದ ತೂತಿನಿಂದ ಎಲೆಯ ತೊಟ್ಟು ಇಣುಕುತ್ತಿತ್ತು.

“ನಮ್ಮ ಚಿಕ್ಕ ಸೊಸೆ ತಂದುಕೊಟ್ಟಿದ್ದು,” ಅತ್ತೆ ಹೇಳುತ್ತಿದ್ದರು. “ದೊಡ್ಡವಳಿಗೆ ಹತ್ತು ವರ್ಷದಲ್ಲಿ ಹೊಳೀಲಿಲ್ಲ ನೋಡಿ.”

ಇಂಥ ಸರ್ಟಿಫಿಕೇಟನ್ನು ಯಾವ ಸೊಸೆ ಹರಿದುಹಾಕುತ್ತಾಳೆ? ಒಂದು ಎಲೆ ಹಾಕಿಕೊಂಡು ವಾಪಸ್ ಬಂದೆ. ಪ್ಲಾಸ್ಟಿಕ್ಕಾದರೇನಂತೆ! ಮೂರ್ತಪ್ಪನವರದು ಹಳೇ ಕಾಲದ ಬುದ್ಧಿ. ಇಂಪನಾಳ ಹಳೆಯ ಗುಲಾಬಿ ಟಿಫಿನ್ ಡಬ್ಬಿ ಮನೆಯಲ್ಲೇ ಇತ್ತಲ್ಲ, ಮುಚ್ಚಳದ ಮೇಲೆ ಮೊಲದ ಚಿತ್ರವಿರುವಂಥದ್ದು.

ಮುಂದಿನ ವಾರವಿಡೀ, ಇಂಪನಾ ಶಾಲೆಗೆ ಹೋದ ಮೇಲೆ ಇವರು ಬರುವವರೆಗೆ, ಊಟದ ಮೇಜಿನ ಮೇಲೆ ನನ್ನ ಕಾರ್ಖಾನೆ. ಆ ಹೊತ್ತಿನಲ್ಲಿ ನಮ್ಮ ಮನೆ ಎಷ್ಟು ನಿಶ್ಶಬ್ದವೆಂದರೆ ಫ್ರಿಜ್ ಉಸಿರೆಳೆದು ನಿಂತದ್ದೂ ಕೇಳುತ್ತದೆ. ಸೋಲ್ಡರಿಂಗ್ ಕಡ್ಡಿಯನ್ನು ಒದ್ದೆ ಸ್ಪಂಜಿಗೆ ತಾಗಿಸಿದರೆ ‘ಚುಸ್’ ಎನ್ನುತ್ತಿತ್ತು. ಇಡೀ ದಿನದಲ್ಲಿ ನನಗೆ ಉತ್ತರ ಕೊಡುತ್ತಿದ್ದ ವಸ್ತು ಅದೊಂದೇ. ನಾನೂ ಮಾತು ಬೆಳೆಸಿದೆ. “ಇವತ್ತು ತಲೆನೋವು ಕಣೇ.” ಚುಸ್. “ಇವರಿಗೆ ನಾನು ಬೇಡವಾದೆ ಅನ್ಸುತ್ತೆ.” ಚುಸ್. ‘ಹೂಂ’ಗಿಂತ ವಾಸಿ! ಎರಡು ಬೆರಳು ಸುಟ್ಟವು, ಮೇಜಿನ ಹೊದಿಕೆಗೆ ನಾಲ್ಕು ತೂತು ಬಿದ್ದವು. ಇವರು ಅದೇ ಮೇಜಿನ ಮೇಲೆ ಊಟ ಮಾಡಿದರು, ತೂತಿನ ಬಗ್ಗೆಯೂ ಕೇಳಲಿಲ್ಲ.

ಭಾನುವಾರ ಸಂಜೆ ದೀಪ ಹಚ್ಚಿ, ಮೊಲಕ್ಕೊಂದು ಕುಂಕುಮದ ಬೊಟ್ಟಿಟ್ಟೆ. ಕುರ್ಚಿ ಹತ್ತಿ ಗಿಟಾರ್ ಇಳಿಸಿದೆ. ಮೂಲೆಯಲ್ಲಿದ್ದ ಸ್ಪೀಕರ್ ಪೆಟ್ಟಿಗೆ ಎಳೆದುತಂದೆ. ಪೇಪರ್ ಓದುತ್ತಿದ್ದವರ ಕೈಯಿಂದ ಪೇಪರ್ ಕಿತ್ತು, ತೊಡೆಯ ಮೇಲೆ ಗಿಟಾರ್ ಕೂರಿಸಿದೆ.

“ಏನಿದು?” ಎಂದರು.

“ಪೆಡಲ್! ನಾನೇ ಮಾಡಿದ್ದು! ನುಡಿಸಿ!”

ಇವರು ಮೊಲವನ್ನು ನೋಡಿದರು, ನನ್ನ ಸುಟ್ಟ ಬೆರಳು ನೋಡಿದರು. ಮುಖ ಒಂಥರಾ ಆಯಿತು. ತಂತಿಯ ಮೇಲೆ ಕೈಯಿಟ್ಟವರು ಮೀಟಲೇ ಇಲ್ಲ. ಇರಲಿ, ನಾಚಿಕೆ ಎಂದುಕೊಂಡು ನಾನೇ ಕಾಲಿನ ಹೆಬ್ಬೆರಳಿನಿಂದ ಮೊಲದ ಹೊಟ್ಟೆಯಲ್ಲಿದ್ದ ಸ್ವಿಚ್ಚನ್ನು ಮೆಟ್ಟಿದೆ.

ಕರ್‌ರ್‌ರ್! ಆಹಾ, ಗರ್ಜನೆ! ಆಮೇಲೆ ಗರ್ಜನೆ ಗಂಟಲು ಸರಿಮಾಡಿಕೊಂಡಿತು. ಆಮೇಲೆ ಗರ್ಜನೆ ಅಚ್ಚ ಕನ್ನಡದಲ್ಲಿ ಹೇಳಿತು:

“ರೈತ ಬಾಂಧವರೇ, ಅಡಿಕೆಗೆ ಕೊಳೆರೋಗ ತಗುಲುವ ಮುನ್ನವೇ ಬೋರ್ಡೋ ದ್ರಾವಣ ಸಿಂಪಡಿಸುವುದು ಸೂಕ್ತ...”

ನಮ್ಮೂರ ಆಕಾಶವಾಣಿ! ಮೂರ್ತಪ್ಪ ಹೇಳಿದ ಊರ ಸುದ್ದಿ!

ಇಂಪನಾ ಕುಣಿದಳು. “ಅಪ್ಪಂಗೆ ಮಾತು ಬರದಿದ್ರೂ ಅಪ್ಪನ ಗಿಟಾರಿಗೆ ಬರುತ್ತೆ!”

ಸ್ವಿಚ್ಚನ್ನು ಮತ್ತೆ ಮೆಟ್ಟಿದೆ. ಅದು ಅಂಟಿಕೊಂಡಿತ್ತು. ಗುಬುಟು ತಿರುಗಿಸಿದೆ. ದನಿ ಇನ್ನೂ ಜೋರಾಯಿತು! “...ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ...” ಕೆಳಗಿನಿಂದ ಮಹಾಂತಮ್ಮನವರ ಕೂಗು: “ಲಿಖಿತಾ, ನೀರು ಎಷ್ಟು ಲೀಟರ್ ಅಂದ್ರೇ? ನಮ್ಮ ತಮ್ಮಂಗೆ ಬೇಕು! ಸ್ವಲ್ಪ ಇನ್ನೂ ಜೋರಾಗಿಡು!”

ಇನ್ನೂ ಜೋರಂತೆ! ಪ್ಲಗ್ ಕಿತ್ತು ಬಿಸಾಡಿದೆ. ಮನೆ ಮತ್ತೆ ಮೊದಲಿನ ಹಾಗೆ ನಿಶ್ಶಬ್ದವಾಯಿತು. ಇವರು ನನ್ನನ್ನು ನೋಡಿ, “ಏನಂತಿತ್ತು ಅದು?” ಎಂದು ಕೇಳಿದರು.

ಗೇಲಿ ಮಾಡುತ್ತಿದ್ದಾರೆ ಎನಿಸಿತು. ಸೋಫಾಕ್ಕೆ ಧೊಪ್ಪನೆ ಕುಸಿದೆ. ಅಭ್ಯಾಸಬಲದಿಂದ ಅವರ ಎಡಕ್ಕೇ. ತಲೆ ಬಗ್ಗಿಸಿಕೊಂಡು ಎರಡು ವರ್ಷದ್ದನ್ನೆಲ್ಲ ಸುರಿದುಬಿಟ್ಟೆ. “ನಾನೇನು ತಪ್ಪು ಮಾಡಿದೆ ಅಂತ ಒಂದ್ಸಲ ಹೇಳಿಬಿಡಿ. ಗೋಡೆ ಜೊತೆ ಮಾತಾಡಿ ಮಾತಾಡಿ ಸಾಕಾಗಿದೆ. ಮಗು ಕೂಡ ಕೇಳ್ತಿದೆ. ನಾನು ಈ ಮನೇಲಿ ಒಬ್ಬಳೇ ಇದ್ದ ಹಾಗಿದೆ...”

“ಹೂಂ,” ಎಂದರು.

“ಏನು ಹೂಂ?” ಅವರ ತೋಳು ಹಿಡಿದು ಅಲುಗಿಸಿದೆ. “ಈಗ ನಾನೇನಂದೆ? ಹೇಳಿ ನೋಡೋಣ!”

ಇವರು ನನ್ನ ತುಟಿಗಳನ್ನೇ ನೋಡುತ್ತ ಕೂತರು. ಓದಿಲ್ಲದ ಪ್ರಶ್ನೆಯೇ ಬಂದಿತೆಂದು ಪರೀಕ್ಷೆಯಲ್ಲಿ ಫ್ಯಾನ್ ನೋಡುವವರ ಮುಖ.

“ಗ್ಯಾಸ್ ಬುಕ್ ಮಾಡ್ಬೇಕು ಅಂದ್ಯಾ?”

ನಗಬೇಕೋ ಗಿಟಾರಿನಲ್ಲೇ ಬಾರಿಸಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಬಸ್ಸಿನಲ್ಲಿ ಎರಡೂ ಕಿವಿ ಮುಚ್ಚಿಕೊಂಡಿದ್ದ ಇಂಪನಾ ಕಣ್ಣಮುಂದೆ ಬಂದಳು. ಇವರು ಗಿಟಾರಿನ ಕಡೆ ಮುಖ ತಿರುಗಿಸುವವರೆಗೆ ಕಾದು, ಮಾಮೂಲಿ ದನಿಯಲ್ಲಿ ಹೇಳಿದೆ:

“ರೀ, ನಿಮ್ಮ ಭುಜದ ಮೇಲೆ ಹಲ್ಲಿ.”

“ಹೂಂ.”

ಹಲ್ಲಿ ಕಂಡರೆ ಚಪ್ಪಲಿ ಸಮೇತ ಮಂಚ ಹತ್ತುವ ಮನುಷ್ಯ ಹೂಂ ಎಂದರು.

ಎದ್ದು, ಅವರನ್ನು ಸುತ್ತಿಕೊಂಡು ಬಲಗಡೆ ಬಂದು ನಿಂತೆ. “ಎಡಗಿವಿ ಕೇಳ್ಸಲ್ವಾ?”

ಈ ಸಲ ಹೂಂ ಎನ್ನಲಿಲ್ಲ. ತಂತಿಯ ಮೇಲಿನ ಧೂಳು ಒರೆಸಿದರು. ಆಮೇಲೆ ಮಾತು ಬಂತು.

“ಸುತ್ತಿಗೆ ನನ್ನ ಎಡಗಡೆಗೇ ಬರುತ್ತೆ ಲಿಖಿ. ಮೊದಲು ಗುಂಯ್ ಅಂತಿತ್ತು. ಆಮೇಲೆ ಅದೂ ನಿಂತೋಯ್ತು. ಈಗ ಬಲಗಡೇದೂ ಸ್ವಲ್ಪ ಮಸುಕು. ಕೊನೇ ಪ್ರೋಗ್ರಾಮಲ್ಲಿ ಸಣ್ಣ ತಂತಿ ಶ್ರುತಿ ತಪ್ಪಿದ್ದು ನನಗೆ ಗೊತ್ತೇ ಆಗ್ಲಿಲ್ಲ. ಜನ ನಗ್ತಿದ್ರು, ಖುಷಿಗೆ ಅನ್ಕೊಂಡೆ. ಫ್ಯಾಕ್ಟ್ರೀಲಿ ಗೊತ್ತಾದ್ರೆ ಕೆಲಸದಿಂದ ತೆಗೀತಾರೇನೋ ಅಂತ ಭಯ. ಹೂಂ ಅಂದ್ರೆ ಯಾರಿಗೂ ತಿಳಿಯಲ್ಲ. ನಿನಗೂ ತಿಳಿಯಲ್ಲ ಅನ್ಕೊಂಡೆ.”

ತಿಳಿದಿರಲೂ ಇಲ್ಲ! ಎರಡು ವರ್ಷ ನಾನು ಧರ್ಮಪತ್ನಿಯಾಗಿ ಎಡಕ್ಕೇ ಕೂತು, ಮುನಿಸು, ಮುದ್ದು, ಬೇಡಿಕೆ, ಬಜೆಟ್ ಎಲ್ಲವನ್ನೂ ಬೀಗ ಹಾಕಿದ ಬಾಗಿಲಿಗೆ ಬಡಿಯುತ್ತಿದ್ದೆ. ಅಷ್ಟೇ ಅಲ್ಲ, ಗುಟ್ಟು ಕಾಪಾಡಲು ಬೇಳೆ ಹುರಿಸಿಕೊಂಡು, ಅತ್ತೆಗೆ ಡಬ್ಬಿ ದಾನ ಮಾಡಿ ಪಟ್ಟ ಪಾಡೆಲ್ಲ ದಂಡ! ಅವತ್ತು ಶೂ ಹಾಕಿಕೊಳ್ಳುತ್ತಿದ್ದವರ ಎಡಕ್ಕೆ ನಿಂತು ನಾನು ಪೆಡಲ್ ಎಂದು ಡಂಗುರ ಸಾರಿದ್ದರೂ ಇವರಿಗೆ ಕೇಳಿಸುತ್ತಿರಲಿಲ್ಲ.

“ನಾಳೆ ರಜಾ ಹಾಕಿ,” ಎಂದೆ. “ಶಿವಮೊಗ್ಗಕ್ಕೆ ಹೋಗಿ ಕಿವಿ ಡಾಕ್ಟರಿಗೆ ತೋರಿಸೋಣ. ಕೆಲಸದ ಮಾತು ಆಮೇಲೆ.”

“ಹೂಂ,” ಎಂದರು. ಇದು ಕೇಳಿಸಿಕೊಂಡು ಹೇಳಿದ ಹೂಂ. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತು!

ಇಂಪನಾ ಅಪ್ಪನ ಬಲಗಿವಿಗೆ ಬಾಯಿ ತಾಗಿಸಿ, “ಅಪ್ಪಾ, ಕೊಳೆರೋಗಾಆಆ!” ಎಂದು ಕಿರುಚಿದಳು. ಇವರು ನಕ್ಕರು. ಹೊಟ್ಟೆ ಹಿಡಿದುಕೊಂಡು, ಗಿಟಾರ್ ಜಾರುವಷ್ಟು. ನಾನು ಮುಖ ಒರೆಸಿಕೊಳ್ಳುತ್ತ, ಮಾತಿನ ಲೆಕ್ಕ ಬರೆಯಲು ಡೈರಿ ತೆಗೆದುಕೊಂಡೆ. ಎಷ್ಟೆಂದು ಬರೆಯಲಿ? ಎಲ್ಲೋ ಸುತ್ತಿಗೆಯ ಮಾತಿನ ಹತ್ತಿರವೇ ಎಣಿಕೆ ತಪ್ಪಿತ್ತು.

ಇವರು ಡೈರಿ ನೋಡಿದರು, ನನ್ನನ್ನು ನೋಡಿದರು. ಗಿಟಾರನ್ನು ಪಕ್ಕಕ್ಕಿಟ್ಟು, ಬಲಗಡೆ ಸೋಫಾದ ಮೇಲೆ ಕೈಯಿಂದ ಎರಡು ಸಲ ತಟ್ಟಿದರು.

“ಒಂದು ಉಪಕಾರ ಮಾಡ್ತೀಯಾ ಮಾರಾಯ್ತಿ? ಅಮ್ಮ ಏನಾದ್ರೂ ಅಂದ್ಕೊಳ್ಳಲಿ, ಈ ಕಡೆ ಕೂತ್ಕೊ. ಎರಡು ವರ್ಷದಿಂದ ಏನೇನು ಹೇಳಿದ್ಯೋ, ಮೊದಲಿಂದ ಇನ್ನೊಂದ್ಸಲ ಹೇಳು. ಗ್ಯಾಸಿಂದು ಬಿಟ್ಟು.”